ಸಾವಿರದ ಒಂಬತ್ತು ಎಲೆ

ಪಾಳೇಗಾರ ಓಬಣ್ಣನಾಯಕರು ಯುದ್ಧ ಗೆದ್ದದ್ದನ್ನು ಯಾರೂ ಕಂಡಿಲ್ಲ, ಅಪ್ಪಣೆ ಕೊಡುವುದರಲ್ಲಿ ಮಾತ್ರ ಮಹಾಶೂರರು. ಮಗಳ ಮದುವೆಗೂ ಅಪ್ಪಣೆಯಾಯಿತು: "ನಾನೂ ಸೇರಿ ಸಾವಿರದ ಒಂಬತ್ತು ಜನ ಒಟ್ಟಿಗೇ ಉಣ್ಣಬೇಕು. ಪಂಕ್ತಿಗಳೆಲ್ಲ ಸಮನಾಗಿರಬೇಕು. ಎಲ್ಲಾದರೂ ಒಂದೆಲೆ ಹೆಚ್ಚುಕಮ್ಮಿಯಾದರೆ ಬಡಿಸುವವರನ್ನೆಲ್ಲ ಊರು ಬಿಡಿಸುತ್ತೇನೆ."

ಬಡಿಸುವವರಿಗೆ ಹಿರಿಯಳಾದ ತಿಪ್ಪಕ್ಕ ಹುಣಸೆಬೀಜ ಹರಡಿಕೊಂಡು ಕೂತಳು. ಏಳೇಳರಂತೆ ಜೋಡಿಸಿದರೆ ಒಂದು ಉಳಿಯಿತು. ಹನ್ನೊಂದರಂತೆ ಇಟ್ಟರೆ ಎಂಟು ಉಳಿದವು. ಸಂಜೆಯವರೆಗೂ ಆ ಸಂಖ್ಯೆ ಯಾವುದಕ್ಕೂ ಬಗ್ಗಲಿಲ್ಲ.

ಮದುವೆಯ ದಿನ ಹಾಕಿದ್ದು ಒಂದೇ ಪಂಕ್ತಿ. ಅರಮನೆಯ ಹಜಾರದಿಂದ ಹೊರಟು, ಹೆಬ್ಬಾಗಿಲು ದಾಟಿ, ಬೀದಿಯುದ್ದಕ್ಕೂ ಸಾಗಿ ಕೆರೆಯ ಏರಿಯನ್ನು ಮುಟ್ಟಿತ್ತು.

"ಇದೇನೇ ಇದು?" ಎಂದರು ನಾಯಕರು.

"ಸಮಪಂಕ್ತಿ, ಬುದ್ಧೀ. ಈ ಸಂಖ್ಯೆಯನ್ನು ಸಮನಾಗಿ ಭಾಗಿಸುವುದು ಒಂದು, ಇಲ್ಲವೇ ಅದೇ; ಬೇರೆಯವರ ಮಾತು ಕೇಳುವುದಿಲ್ಲ. ದೊಡ್ಡವರ ಸ್ವಭಾವ."

"ನನ್ನ ಎಲೆ ಎಲ್ಲಿ?"

"ತಾವು ನಟ್ಟನಡುವೆ ಇರಬೇಡವೇ? ಆ ಕಡೆ ಐನೂರ ನಾಲ್ಕು, ಈ ಕಡೆ ಐನೂರ ನಾಲ್ಕು. ಸರಿಯಾಗಿ ಕುದುರೆಲಾಯದ ಬಾಗಿಲಿಗೆ ಬಂದಿದೆ."

ಬೀಗರ ಮುಂದೆ ತಮ್ಮ ಅಪ್ಪಣೆಯನ್ನೇ ತಪ್ಪೆನ್ನಲಾಗದೆ ನಾಯಕರು ಹೋಗಿ ಕೂತರು. ಪಾಯಸ ಬರುವ ಹೊತ್ತಿಗೆ ಮೂಗು ಮುಚ್ಚಿಕೊಂಡೇ ಹೊಸ ಅಪ್ಪಣೆ ಹೊರಡಿಸಿದರು: ಇನ್ನು ಮೇಲೆ ಯಾರು ಎಲ್ಲಿ ಬೇಕಾದರೂ ಕೂರಬಹುದು.

"ಹಾಗೇ ಆಗಲಿ ಬುದ್ಧೀ," ಎಂದು ತಿಪ್ಪಕ್ಕ ಇನ್ನೊಂದು ಸೌಟು ಬಡಿಸಿದಳು.