ಕಿವಿ ಕತ್ತರಿಸಿಕೊಂಡ ಕೆಂಚಿ

ಬೀದಿನಾಯಿ ಕೆಂಚಿಗೆ ಸಂತಾನಹರಣ ಆಪರೇಷನ್ ಆಗಿತ್ತು. ಗುರುತಿಗೆಂದು ಕಿವಿಯ ತುದಿ ಕತ್ತರಿಸಿದ್ದರು. ಗಾಯವೆಲ್ಲ ಮಾಗಿ, ಬೇಕರಿ ಕಟ್ಟೆಯ ಮೇಲೆ ಹಾಯಾಗಿ ಬಿಸಿಲು ಕಾಯಿಸುತ್ತ ಮಲಗಿದ್ದಳು. ಎದುರುಮನೆಯ ಗೇಟಿನೊಳಗಿಂದ ಸಾಕುನಾಯಿ ಡಾಲಿ ನಕ್ಕಳು.

"ಅಯ್ಯೋ ಪಾಪ! ಆ ಆಪರೇಷನ್ ಕಾನೂನೆಲ್ಲ ನಿಮ್ಮಂಥ ಬೀದಿಯವರಿಗೆ. ನಮ್ಮಂಥ ಜಾತಿನಾಯಿಗಳಿಗೆ ಯಾಕೆ? ನಾನು ವರ್ಷವರ್ಷವೂ ಹೆರುತ್ತೇನೆ."

"ಹೆತ್ತ ಮರಿಗಳೆಲ್ಲಿ, ತಾಯಿ?"

"ಒಳ್ಳೊಳ್ಳೆ ಮನೆ ಸೇರಿವೆಯಂತೆ. ನಮ್ಮ ಯಜಮಾನರೇ ಹೇಳಿದರು."

ಕೆಂಚಿ ಎದ್ದು ಮೈಮುರಿದಳು. ಅವಳ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ ಮರಿಯೊಂದು ಕಣ್ಣುಬಿಟ್ಟಿತು. ಅದರ ಮೂಗಿನ ಮೇಲೆ ಡಾಲಿಯದೇ ಬಿಳಿ ಪಟ್ಟೆ.

"ಮೊನ್ನೆ ನಿಮ್ಮ ಯಜಮಾನರೇ ರಟ್ಟಿನ ಡಬ್ಬದಲ್ಲಿಟ್ಟು ಇಲ್ಲೇ ಬಿಟ್ಟುಹೋದರು," ಎಂದಳು ಕೆಂಚಿ, ಮರಿಯ ನೆತ್ತಿ ನೆಕ್ಕುತ್ತ. "ನೀನೇನೂ ಚಿಂತೆ ಮಾಡಬೇಡ. ನನ್ನವು ಇನ್ನು ಹುಟ್ಟುವುದಿಲ್ಲವಲ್ಲ, ನಿನ್ನದನ್ನು ಸಾಕೋದಕ್ಕೆ ಪುರುಸೊತ್ತಿದೆ."