ಅರ್ಧ ಹುಲ್ಲು, ಅರ್ಧ ಕೋಳಿ

ಹಳ್ಳದಾಚೆಯ ಹಟ್ಟಿಯಲ್ಲಿ ಸಣ್ಣೀರಮ್ಮ ಅನ್ನುವವಳಿದ್ದಳು, ಕೇಳಿ. ಅವಳಿಗೆ ಒಬ್ಬನೇ ಮಗ, ಗುಡ್ಡಪ್ಪ. ಗುಡ್ಡಪ್ಪ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ತಲೆನೋವು.

ಒಂದು ದಿನ ಅವಳ ಅಣ್ಣ ಪಾಲಯ್ಯ ಹಾಲು ಕರೆಯುವ ಎಮ್ಮೆಯೊಂದನ್ನು ಹೊಡೆದುಕೊಂಡು ಬಂದ. ಗಂಡ ತೀರಿದ ತಂಗಿಗೆ ತವರಿನಿಂದ ಎಮ್ಮೆ ಕೊಡುವುದು ಅವರ ಮನೆತನದ ಪದ್ಧತಿ. ಆದರೆ ಪಾಲಯ್ಯ ಸುಮ್ಮನೆ ಕೊಡಲಿಲ್ಲ.

"ಎಂಟು ದಿನ ಇಟ್ಕೊ. ಒಂಬತ್ತನೇ ದಿನ ಬರ್ತೀನಿ. ಎಮ್ಮೆ ಚೆನ್ನಾಗಿದ್ರೆ ನಿಂದು. ಇಲ್ಲಾಂದ್ರೆ ವಾಪಸ್ ಹೊಡ್ಕೊಂಡು ಹೋಗ್ತೀನಿ. ನಿನ್ನ ಮಗನ ಬುದ್ಧಿ ನಂಗೊತ್ತಿಲ್ವಾ?"

ಸಣ್ಣೀರಮ್ಮ ದಿನಾ ಕಳೆ ಕೀಳಲು ಹೋಗಬೇಕು. ಎಮ್ಮೆ ನೋಡಿಕೊಳ್ಳಲು ಗುಡ್ಡಪ್ಪನೇ ಗತಿ. ಹೊರಡುವಾಗ ಹೇಳಿದಳು, "ಮನೆ ಮಗಳ ಹಾಗೆ ನೋಡ್ಕೊಳ್ಳೋ!"

"ಆಗಲಿ ಅವ್ವ, ಹಾಗೇ ಮಾಡ್ತೀನಿ!"

ಮನೆ ಮಗಳು ಹುಲ್ಲು ತಿನ್ನುತ್ತಾಳೆಯೇ? ಇಲ್ಲ. ಗುಡ್ಡಪ್ಪ ಎಂಟು ರಾಗಿಮುದ್ದೆ ತೊಳಸಿ, ಸಾರಿನಲ್ಲಿ ಅದ್ದಿ ಅದ್ದಿ ಎಮ್ಮೆಗೆ ತಿನ್ನಿಸಿದ. ಸಂಜೆಗೆ ಎಮ್ಮೆಯ ಹೊಟ್ಟೆ ತಮಟೆಯಾಯಿತು.

"ಅಯ್ಯೋ ನನ್ನ ಕರ್ಮವೇ!" ಸಣ್ಣೀರಮ್ಮ ಎಮ್ಮೆಗೆ ಎಣ್ಣೆ ಕುಡಿಸಿದಳು, ಅಂಗಳದ ತುಂಬ ಅಡ್ಡಾಡಿಸಿದಳು. ಎಮ್ಮೆಯ ಹೊಟ್ಟೆ ನಮ್ಮ ಹೊಟ್ಟೆಯಂತಲ್ಲ, ಅದು ಹುಲ್ಲು ನುಂಗಿ, ಮತ್ತೆ ಬಾಯಿಗೆ ತಂದು ಮೆಲುಕು ಹಾಕುವ ಹೊಟ್ಟೆ. ಹಿಟ್ಟು ಹೆಚ್ಚಾದರೆ ಒಳಗೇ ಹುಳಿತು ಉಬ್ಬುತ್ತದೆ. ದೇವರ ದಯೆ, ಎಮ್ಮೆ ತೇಗಿತು, ಉಳಿಯಿತು.

"ಮುಠ್ಠಾಳ! ಹೊಟ್ಟೆ ತುಂಬ ಹುಲ್ಲು, ಮೇಲೊಂದು ಹಿಡಿ ಹಿಟ್ಟು! ಕಾಲು ನಾಲ್ಕಿರೋದಕ್ಕೆ ಹಾಗೇ ಹಾಕಬೇಕು, ತಿಳೀತಾ?"

"ಆಗಲಿ ಅವ್ವ, ಹಾಗೇ ಮಾಡ್ತೀನಿ!"

ಎಮ್ಮೆ ಸುಧಾರಿಸಿತು. ಆದರೆ ಮನೆ ಕಾಯುವ ನಾಯಿಗೂ ಕಾಲು ನಾಲ್ಕೇ ಅಲ್ಲವೇ? ಗುಡ್ಡಪ್ಪ ನಾಯಿಯ ಮುಂದೆ ಒಂದು ಹೊರೆ ಹುಲ್ಲು ಹಾಕಿದ, ಮೇಲೊಂದು ಹಿಡಿ ಹಿಟ್ಟು ಉದುರಿಸಿದ. ಮೂರು ದಿನ ಹೀಗೇ ನಡೆಯಿತು. ನಾಯಿಯ ಪಕ್ಕೆಲುಬು ಎದ್ದುಬಂದವು, ಬೊಗಳಲು ಬಾಯಿ ತೆಗೆದರೆ ಆಕಳಿಕೆ ಬಂತು.

"ಅಯ್ಯೋ ನನ್ನ ಕರ್ಮವೇ! ನಾಯಿ ಬಿದ್ದರೆ ತೋಳ ಬಂದಾಗ ಎಮ್ಮೆ ಕಾಯೋರು ಯಾರೋ, ನೀನಾ? ಅದಕ್ಕೆ ಮಾಂಸದ ಚೂರು, ಮೂಳೆ ಬೇಕೋ! ಹಾಕೋ ಮುಂಚೆ ಹಲ್ಲು ನೋಡು! ಚೂಪು ಹಲ್ಲಿಗೆ ಮಾಂಸ, ಚಪ್ಪಟೆ ಹಲ್ಲಿಗೆ ಹುಲ್ಲು!"

"ಆಗಲಿ ಅವ್ವ, ಹಾಗೇ ಮಾಡ್ತೀನಿ!"

ನಾಯಿ ಚೇತರಿಸಿತು. ಈಗ ಕೋಳಿಗಳ ಸರದಿ. ಗುಡ್ಡಪ್ಪ ಒಂದೊಂದೇ ಕೋಳಿ ಹಿಡಿದು ಕೊಕ್ಕು ಬಿಡಿಸಿ ನೋಡಿದ. ಚೂಪು ಹಲ್ಲಿಲ್ಲ, ಚಪ್ಪಟೆ ಹಲ್ಲೂ ಇಲ್ಲ! ಹಾಗಾಗಿ ಕೂಡಿಹಾಕಿದ. ಎರಡು ದಿನ ಏನೂ ಹಾಕಲಿಲ್ಲ.

"ಅಯ್ಯೋ ನನ್ನ ಕರ್ಮವೇ! ಅಣ್ಣ ಬಂದಾಗ ಕೊಯ್ಯೋಣ ಅಂತ ಸಾಕಿದ್ರೆ ಬರೀ ಪುಕ್ಕ ಉಳಿಸಿದ್ದೀಯಲ್ಲೋ! ಕೋಳಿ ಕಾಳೂ ತಿನ್ನುತ್ತೆ, ಹುಳಾನೂ ತಿನ್ನುತ್ತೆ. ಎರಡೂ ತಿನ್ನೋ ಜಾತಿಗೆ ಎರಡೂ ಹಾಕು, ಅರ್ಧ ಅದು, ಅರ್ಧ ಇದು. ಮೇಲೆ ಬಿದಿರು ಬುಟ್ಟಿ, ಆ ಮಂಕರಿ ಬೋರಲು ಹಾಕು, ಇಲ್ಲಾಂದ್ರೆ ನಾಯಿ ಬಾಯಿ ಹಾಕುತ್ತೆ. ಪೂರ್ತಿ ತಿನ್ನೋವರೆಗೂ ಎತ್ತಬೇಡ!"

"ಆಗಲಿ ಅವ್ವ, ಹಾಗೇ ಮಾಡ್ತೀನಿ!"

ಒಂಬತ್ತನೇ ದಿನ ಪಾಲಯ್ಯ ಬಂದ. ಎಮ್ಮೆಯ ಸುತ್ತ ತಿರುಗಿದ, ಮೈ ಸವರಿದ, ಸಗಣಿ ನೋಡಿದ. "ಪರವಾಗಿಲ್ವೇ! ಹೊಳೀತಾ ಐತೆ!" ಎಂದ. ಸಣ್ಣೀರಮ್ಮನಿಗೆ ಹೋದ ಜೀವ ಬಂತು. ಕೋಳಿಸಾರು ಮಾಡಿದಳು. ನೋಡಿದರೆ ಎಲೆ ಅಡಿಕೆ ಇಲ್ಲ. "ಮಾವನಿಗೆ ಬಡಿಸೋ, ಈಗ ಬಂದೆ" ಎಂದು ಪಕ್ಕದ ಮನೆಗೆ ಓಡಿದಳು.

"ಮಾವ, ಬಾಯಿ ತೆಗಿ."

"ಯಾಕಲೇ?"

"ತೆಗಿ ಮಾವ, ಅವ್ವ ಹೇಳವ್ಳೆ."

ಪಾಲಯ್ಯ ಬಾಯಿ ತೆಗೆದ. ಮುಂದೆ ಚೂಪು, ಹಿಂದೆ ಚಪ್ಪಟೆ. ಓಹೋ, ಎರಡೂ ತಿನ್ನೋ ಜಾತಿ! ಗುಡ್ಡಪ್ಪ ತಟ್ಟೆಗೆ ಅರ್ಧ ಕೋಳಿ ಹಾಕಿದ, ಅರ್ಧ ಹಸಿಹುಲ್ಲು ಹಾಕಿದ.

"ಏನಲೇ ಇದು!" ಎಂದು ಪಾಲಯ್ಯ ಏಳುವುದರೊಳಗೆ ಕುರಿಮರಿ ಮುಚ್ಚುವ ದೊಡ್ಡ ಮಂಕರಿ ತಟ್ಟೆ ಸಮೇತ ಅವನ ಮೇಲೆ ಬಿತ್ತು. "ಪೂರ್ತಿ ತಿನ್ನು ಮಾವ" ಎಂದು ಗುಡ್ಡಪ್ಪ ಅದರ ಮೇಲೆ ಹತ್ತಿ ಕೂತ.

ಸಣ್ಣೀರಮ್ಮ ಬಂದು ನೋಡುತ್ತಾಳೆ, ಮಂಕರಿ ಕೂಗುತ್ತಿದೆ!

"ತಂಗೀ! ಎತ್ತಿಸೇ! ಎಮ್ಮೆ ಈಗಲೇ ಹೊಡ್ಕೊಂಡು ಹೋಗ್ತೀನಿ!"

ಮಂಕರಿ ಎತ್ತಲು ಚಾಚಿದ ಕೈಯನ್ನು ಸಣ್ಣೀರಮ್ಮ ಹಿಂದಕ್ಕೆ ತೆಗೆದುಕೊಂಡಳು. ಮಗನ ಪಕ್ಕ ಹೋಗಿ ತಾನೂ ಮಂಕರಿಯ ಮೇಲೆ ಕೂತಳು.

"ಏನಂದೆ ಅಣ್ಣ? ಕೇಳಿಸಲಿಲ್ಲ."

"ಅಯ್ಯೋ... ಎಮ್ಮೆ ನಿಂದೇ ಕಣೇ! ನಮ್ಮಪ್ಪನಾಣೆ ನಿಂದೇ!"

ಅವಳು ಥಟ್ಟನೆ ಇಳಿದಳು. "ಎತ್ತೋ ಮಗನೇ, ಎತ್ತು!"

ಗುಡ್ಡಪ್ಪ ಮಂಕರಿಯ ಸಂದಿಯಲ್ಲಿ ಇಣುಕಿದ. "ಅದು ಹೇಗವ್ವ? ಕೋಳಿ ಮುಗಿದೈತೆ. ಹುಲ್ಲು ಹಾಗೇ ಐತೆ."

"ಅಯ್ಯೋ ನನ್ನ ಕರ್ಮವೇ, ಎತ್ತೋ!"

"ಪೂರ್ತಿ ತಿನ್ನೋವರೆಗೂ ಎತ್ತಬೇಡ ಅಂದಿದ್ದು ನೀನೇ!"

ಎಳೆದಳು, ಬೈದಳು, ಹೊಡೆದಳು. ಅವನು ಜಗ್ಗಲಿಲ್ಲ. ಕೊನೆಗೆ ಸುಸ್ತಾಗಿ, ತಲೆಯ ಮೇಲೆ ಕೈಹೊತ್ತು ಕೂತಳು.

ಆಮೇಲೆ ಮಂಕರಿಯ ಒಳಗಿಂದ ಮೆಲ್ಲಗೆ ಸದ್ದು ಬಂತು: ಕರಕ್, ಕರಕ್, ಕರಕ್.