ಗಡಿಗಲ್ಲಿನ ಮೇಲಿನ ರೊಟ್ಟಿ

"ಬುದ್ಧಿ, ಒಂದು ನಿಯಮವನ್ನೂ ಮುರಿಯದೆ ಮನುಷ್ಯ ದಾರಿ ತಪ್ಪಬಹುದೇ?"

ಕರಿಬಸವ ಇದನ್ನು ಕೇಳಿದಾಗ ಗುರುಗಳು ಪೂಜೆ ಮುಗಿಸಿ ಮಠದ ಜಗಲಿಯ ಮೇಲೆ ಕುಳಿತಿದ್ದರು. ಮಾರನೆಯ ದಿನ ಅವನಿಗೆ ದೀಕ್ಷೆ. ದೀಕ್ಷೆಗೆ ನಿಂತವನು ಹುಟ್ಟಿದ ಮನೆಯ ಹೊಸಿಲು ದಾಟಬಾರದು ಎಂಬುದು ಆ ಮಠದ ಕಟ್ಟಳೆ. ಅವನು ದಾಟಿರಲಿಲ್ಲ. ಭಿಕ್ಷೆಗೆ ಹೋದಾಗ ಆ ಬೀದಿಯಲ್ಲಿ ನಿಂತಿದ್ದ, ಅಷ್ಟೆ. ಆಮೇಲೊಮ್ಮೆ ಬಿಸಿಲು ಜೋರಾಗಿದೆಯೆಂದು ಆ ಮನೆಯ ಜಗಲಿಯಲ್ಲಿ ಕುಳಿತಿದ್ದ. ಮೊನ್ನೆ ಹೊಸಿಲಿನ ಈಚೆ ಕುಳಿತು, ಒಳಗಿನಿಂದ ತಂಗಿ ಬಡಿಸಿದ್ದನ್ನು ಉಂಡು ಬಂದಿದ್ದ. ಇದು ದಾಟಿದ ಹಾಗಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆದರೂ ಅಂದಿನಿಂದ ನಿದ್ದೆ ಹತ್ತಿರಲಿಲ್ಲ. ಇದನ್ನು ಒಳಗಿಟ್ಟುಕೊಂಡು ಕಾವಿ ಉಟ್ಟರೆ ಆ ಕಾವಿಯೇ ಸುಳ್ಳಾದೀತು ಎಂಬ ಭಯ ಅವನನ್ನು ಹಿಂಡುತ್ತಿತ್ತು. ಯಾರ ಬಳಿಯೂ ಹೇಳಿರಲಿಲ್ಲ.

ಗುರುಗಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಪ್ರಶ್ನೆ ನೆಟ್ಟಗಿದೆ, ಕೇಳುವವನ ಮುಖ ನೆಟ್ಟಗಿಲ್ಲ. ಕೂತುಕೋ," ಎಂದು ಕತೆ ಶುರುಮಾಡಿದರು.

ಪಡುವಣದ ಮರಳುಗಾಡಿನಲ್ಲಿ ಒಂದು ಜನ. ವಾರದ ಏಳನೆಯ ದಿನವನ್ನು ಸಬ್ಬತ್ ಎಂದು ಕರೆದು, ಅದನ್ನು ಪೂರಾ ದೇವರಿಗೆ ಬಿಟ್ಟವರು. ಅಂದು ಒಲೆ ಹಚ್ಚುವುದಿಲ್ಲ, ಹೊರೆ ಹೊರುವುದಿಲ್ಲ, ವ್ಯಾಪಾರದ ಮಾತೆತ್ತುವುದಿಲ್ಲ. ನಿಧಾನವಾಗಿ ಅಡ್ಡಾಡಬಹುದು. ಆದರೆ ಬಿಡಾರದಿಂದ ಇಂತಿಷ್ಟೇ ದೂರ, ಅಲ್ಲಿಗೊಂದು ಗಡಿಗಲ್ಲು. ಅದಕ್ಕೊಂದು ಸಡಿಲಿಕೆಯೂ ಉಂಟು. ಹಿಂದಿನ ದಿನ ಹೊತ್ತು ಮುಳುಗುವ ಮೊದಲೇ ಹೋಗಿ ಆ ಕಲ್ಲಿನ ಮೇಲೆ ನಿನ್ನ ಊಟದ ರೊಟ್ಟಿ ಇಟ್ಟು ಬಂದಿದ್ದರೆ, ರೊಟ್ಟಿ ಇದ್ದಲ್ಲಿ ಮನೆ ಇದ್ದ ಹಾಗೆ. ಅಲ್ಲಿಂದ ಮತ್ತೆ ಅಷ್ಟೇ ದೂರ ನಡೆಯಬಹುದು. ಒಂದು ಸಲ ಮಾತ್ರ. ನಗಬೇಡ, ಒಳ್ಳೆಯ ಕಟ್ಟಳೆ ಅದು. ಇಂಥವು ನಮ್ಮಲ್ಲೂ ಬೇಕಾದಷ್ಟಿವೆ.

ಆ ಜನದಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಮಹಾ ನೇಮಸ್ಥ. ಹಟ ಮಾಡುವ ಮಕ್ಕಳಿಗೆ ತಾಯಂದಿರು ಅವನನ್ನೇ ತೋರಿಸುತ್ತಿದ್ದರು. ಅವನಿಗೆ ಹೆಂಡತಿ ಇರಲಿಲ್ಲ, ಒಬ್ಬಳು ಪುಟ್ಟ ಮಗಳಿದ್ದಳು. ಒಂಟೆಗಳ ಜೊತೆ ಹೊರಟಿದ್ದವರೆಲ್ಲ ಸಬ್ಬತ್ತಿಗೆಂದು ಮರಳಿನ ನಡುವೆ ಬಿಡಾರ ಹೂಡಿದ್ದರು. ನೀರು ತಳಕ್ಕೆ ಬಂದಿತ್ತು. ನಕ್ಷತ್ರ ಮೂಡಿ ಸಬ್ಬತ್ ಮುಗಿದೊಡನೆ ಹೊರಡಲೇಬೇಕು, ತಡವಾದರೆ ಯಾರೂ ಉಳಿಯುವುದಿಲ್ಲ ಎಂದು ಗುಂಪಿನ ಯಜಮಾನ ಸಾರಿದ್ದ. ಮಧ್ಯಾಹ್ನ ವ್ಯಾಪಾರಿ ಅಡ್ಡಾಡಲು ಎದ್ದಾಗ ಮಗಳು ಅವನ ಅಂಗಿ ಹಿಡಿದಳು. ದೀಪ ಹಚ್ಚುವ ಹೊತ್ತಿಗೆ ಬರುತ್ತೀಯಲ್ಲ ಅಪ್ಪ, ಎಂದಳು. ಬಂದೇ ಬರುತ್ತೇನೆ ಎಂದು ಅವಳ ತಲೆ ಸವರಿ ಹೊರಟ.

ಡೇರೆಗಳ ಆಚೆ ಒಬ್ಬ ಬರಿಗೈಯಲ್ಲಿ ನಿಂತಿದ್ದ. ಗುಂಪಿನವನೇ ಇರಬೇಕೆಂದು ವ್ಯಾಪಾರಿ ಅಂದುಕೊಂಡ. ದನಿ ಎಲ್ಲೋ ಕೇಳಿದ ಹಾಗಿತ್ತು. ಮುಖ ನೋಡೋಣವೆಂದರೆ ಸೂರ್ಯ ಸದಾ ಅವನ ಬೆನ್ನಿಗೇ ಇರುತ್ತಿದ್ದ. ಇಬ್ಬರೂ ನಡೆದರು. ಗಾಳಿ ಇರಲಿಲ್ಲ. ಮಾತು ಸೊಗಸಾಗಿ ಸಾಗಿತು. ಜೊತೆಗಾರ, ಈ ದಿಬ್ಬದಾಚೆ ಒಂದು ಉಪ್ಪಿನ ಗುಡ್ಡವಿದೆ, ಹಾಲಿನಷ್ಟು ಬೆಳ್ಳಗಿದೆ, ಎಂದ. ವ್ಯಾಪಾರಿಗೆ ಒಳಗೊಳಗೇ ಜೀವ ಜುಮ್ಮೆಂದಿತು. ಸಬ್ಬತ್ತಿನ ದಿನ ಸರಕು ನೋಡಲು ಹೋಗುವ ಹಾಗಿಲ್ಲ. ಆದರೆ ಅಡ್ಡಾಡುವಾಗ ಒಂದು ಗುಡ್ಡ ಕಣ್ಣಿಗೆ ಬಿದ್ದರೆ ಯಾರ ತಪ್ಪು?

ಗಡಿಗಲ್ಲು ಬಂತು. ವ್ಯಾಪಾರಿ ನಿಂತ. ಜೊತೆಗಾರ ಕಲ್ಲಿನ ಮೇಲೆ ಬೆರಳು ತೋರಿದ. ಅಲ್ಲೊಂದು ರೊಟ್ಟಿ ಇತ್ತು.

"ನಿನಗೆಂದು ನಿನ್ನೆಯೇ ಇಟ್ಟದ್ದು. ಇನ್ನು ಇದು ದಾಟಿದ ಹಾಗಲ್ಲ," ಎಂದ.

ವ್ಯಾಪಾರಿ ರೊಟ್ಟಿಯನ್ನು ಮುಟ್ಟಿದ. ಬಿಸಿಯಾಗಿತ್ತು. ಬಿಸಿಲಿಗೆ ಕಾದಿದೆ ಎಂದುಕೊಂಡು ಮುಂದೆ ನಡೆದ.

ದಿಬ್ಬ ಹತ್ತಿದರು. ಆಚೆ ಗುಡ್ಡವಿರಲಿಲ್ಲ, ಇನ್ನೊಂದು ದಿಬ್ಬವಿತ್ತು. ಅದರ ಬುಡದಲ್ಲಿ ಇನ್ನೊಂದು ಕಲ್ಲು, ಕಲ್ಲಿನ ಮೇಲೆ ರೊಟ್ಟಿ. ಒಂದು ಸಲ ಮಾತ್ರವಲ್ಲವೇ, ಎಂದ ವ್ಯಾಪಾರಿ. ಅದು ನಿನ್ನ ಪಾಲಿನದು, ಇದು ನನ್ನದು, ನನ್ನದನ್ನು ನಿನಗೆ ಕೊಟ್ಟಿದ್ದೇನೆ, ಇದು ದಾಟಿದ ಹಾಗಲ್ಲ, ಎಂದ ಜೊತೆಗಾರ. ವ್ಯಾಪಾರಿಗೆ ಆ ಮಾತು ಹಿಡಿಸಿತು. ಇಂಥ ಧರ್ಮಸೂಕ್ಷ್ಮ ತಿಳಿದವರು ಈಗ ಯಾರಿದ್ದಾರೆ ಎಂದು ಹೊಗಳಿದ ಕೂಡ. ಅಲ್ಲಿಂದ ಮುಂದೆ ಎಷ್ಟು ಕಲ್ಲು ಬಂದವೋ ಅವನಿಗೆ ಲೆಕ್ಕ ತಪ್ಪಿತು. ಪ್ರತಿ ಕಲ್ಲಿನ ಮೇಲೂ ರೊಟ್ಟಿ ಇತ್ತು, ಪ್ರತಿ ರೊಟ್ಟಿಗೂ ಒಂದು ನ್ಯಾಯವಿತ್ತು. ಆಮೇಲಾಮೇಲೆ ಜೊತೆಗಾರ ಬಾಯಿ ತೆರೆಯುವ ಮೊದಲೇ ಇವನೇ ನ್ಯಾಯ ಹೇಳತೊಡಗಿದ.

ಹೊತ್ತು ಇಳಿಯಿತು. ಮರಳು ತಣ್ಣಗಾಯಿತು. ಒಂದು ಕಲ್ಲಿನ ಬಳಿ ವ್ಯಾಪಾರಿ ಮತ್ತೆ ರೊಟ್ಟಿಯನ್ನು ಮುಟ್ಟಿ ಥಟ್ಟನೆ ಕೈ ಹಿಂದೆಗೆದ. ಅದು ಸುಡುತ್ತಿತ್ತು. ಕೆಳಗಿನ ಕಲ್ಲು ಮಾತ್ರ ತಣ್ಣಗಿತ್ತು. ಅಯ್ಯೋ ದೇವರೇ, ಇವತ್ತು ಒಲೆ ಹಚ್ಚಿದವರು ಯಾರು, ಎಂದುಕೊಂಡ. ಹಿಂದೆ ತಿರುಗಿದ. ಬಿಡಾರ ಕಾಣಲಿಲ್ಲ. ಬಂದ ದಾರಿಯ ಕಲ್ಲು ಒಂದೂ ಕಾಣಲಿಲ್ಲ. ಬರೀ ಮರಳು. ಮೇಲೆ ನಕ್ಷತ್ರ ಮೂಡುತ್ತಿತ್ತು.

ಜೊತೆಗಾರ ಪಕ್ಕದಲ್ಲೇ ನಿಂತಿದ್ದ. ಇನ್ನೇನು ಸಬ್ಬತ್ ಮುಗಿಯಿತು, ಎಷ್ಟು ದೂರ ಬೇಕಾದರೂ ನಡೆಯೋಣ, ಎಂದ.

ಅತ್ತ ಬಿಡಾರದಲ್ಲಿ ಮಗಳು ದೀಪ ಹಚ್ಚಿ ಕಾದಳು. ಅಪ್ಪ ಬರಲಿಲ್ಲ. ಅವಳ ಅಳು ಕೇಳಿ ಎಲ್ಲರೂ ಪಂಜು ಹಿಡಿದು ಹುಡುಕಿದರು. ಒಳ್ಳೆಯ ಜನ, ಮನಸ್ಸಿಟ್ಟೇ ಹುಡುಕಿದರು. ಆದರೆ ಹುಡುಕಿದ್ದು ಮೊದಲ ಗಡಿಗಲ್ಲಿನ ಒಳಗೆ ಮಾತ್ರ. ಆಚೆ ನೋಡೋಣವೇ ಎಂದು ಒಬ್ಬ ಕೇಳಿದ್ದಕ್ಕೆ ಯಜಮಾನ ಸಿಡುಕಿದ. ಏನು ಮಾತಾಡುತ್ತೀಯ, ಆತ ಎಂಥ ನೇಮಸ್ಥ, ಸಬ್ಬತ್ತಿನ ದಿನ ಗಡಿ ದಾಟುವವನೇ, ಇಲ್ಲೇ ಎಲ್ಲೋ ಬಿದ್ದಿರಬೇಕು, ಎಂದ. ಒಳಗೆಲ್ಲ ಹುಡುಕಿದರು. ಸಿಗಲಿಲ್ಲ. ನೀರಿಗಾಗಿ ಒಂಟೆಗಳು ಹೊರಟವು. ಅಪ್ಪಾ ಎಂದು ಕೂಗುತ್ತಿದ್ದ ಮಗುವನ್ನು ಯಾರೋ ಎತ್ತಿ ಒಂಟೆಯ ಮೇಲೆ ಕೂರಿಸಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಆ ಮಗುವಿನ ಕೂಗು ಕರಿಬಸವನ ಕಿವಿಯಲ್ಲೇ ಇತ್ತು. ಮೆಲ್ಲಗೆ ಕೇಳಿದ:

"ಬುದ್ಧಿ, ಆ ಜೊತೆಗಾರ ಯಾರು?"

ಗುರುಗಳು ಎದ್ದು ಹೆಗಲ ವಸ್ತ್ರ ಕೊಡವಿದರು.

"ಮೊನ್ನೆ ಹೊಸಿಲ ಈಚೆ ನಿನ್ನ ಪಕ್ಕದಲ್ಲಿ ಕೂತು ಉಂಡನಲ್ಲ, ಅವನೇ."